ಕಪ್ಪೆ ಪದ್ಯದ ನೀತಿ

ಪದ್ಯ ಹಿಡಿಸಿದರೆ ಮಕ್ಕಳು ನೆಲ ಬಿಟ್ಟು ಮೇಲೇಳುವುದು ಎಲ್ಲ ಶಾಲೆಗಳಲ್ಲೂ ಇದ್ದದ್ದೇ. ಅದಕ್ಕೇ ಪದ್ಯದ ಪಿರಿಯಡ್ಡಿಗೆ ಮೊದಲು ಫ್ಯಾನು ಆರಿಸುತ್ತಾರೆ. ಆದರೆ ಇಡೀ ಮೂರನೇ ತರಗತಿ ಸೂರಿಗೆ ತಲೆ ತಾಗಿಸಿಕೊಂಡು ಕೇಕೆ ಹಾಕುತ್ತಿದ್ದುದನ್ನು ಕಂಡು ಹೆಡ್‌ಮೇಡಂ ನೀಲಗಂಗಾ ಅವರಿಗೆ ಮೈಯೆಲ್ಲ ಉರಿಯಿತು.

“ಮೊದ್ಲ ಅರ್ಥ, ಆಮ್ಯಾಲೆ ಪದ್ಯ ಅಂತ ಎಷ್ಟ್ ಸಲ ಬಡ್ಕೋಬೇಕ್ರೀ?” ಎಂದು ಹೊಸ ಟೀಚರ್ ಶಾಹೀನಾಳ ಮೇಲೆ ಹರಿಹಾಯ್ದರು.

“ಕಪ್ಪಿ ಪದ್ಯ ಹಾಡ್ಸಿದೆ, ಅಷ್ಟರೀ ಮೇಡಂ. ಹುಡುಗ್ರಿಗೆ ಖುಷಿ ಆತು.”

“ಖುಷಿ ಮಾಡಾಕ ಇದೇನ್ ಸರ್ಕಸ್ಸೇನು?” ನೀಲಗಂಗಾ ಮೇಜು ಕುಟ್ಟಿದರು. “ಏಯ್, ಈ ಪದ್ಯದ ನೀತಿ ಏನು? ಹೇಳ್ರಿ!”

ಪ್ರಶ್ನೆ ಕಿವಿಗೆ ಬಿದ್ದದ್ದೇ ತಡ, ಮಕ್ಕಳು ದೊಪದೊಪ ಉದುರಿದರು. ಮೊಣಕಾಲು ತರಚಿದವರು ಅಳತೊಡಗಿದರು. ಸಂಗವ್ವ ಎಂಬ ಪೋರಿ ಮಾತ್ರ ಫ್ಯಾನಿನ ರೆಕ್ಕೆ ಹಿಡಿದು ತೇಲುತ್ತಲೇ ಇದ್ದಳು.

“ನಿನಗ ಬ್ಯಾರೆ ಹೇಳ್ಬೇಕೇನು? ನೀತಿ ಏನು?”

“ಕಪ್ಪಿಗೆ ಯಾರೂ ನೀತಿ ಕೇಳಂಗಿಲ್ರೀ ಮೇಡಂ.”

ಶಾಹೀನಾ ನಕ್ಕುಬಿಟ್ಟಳು. ನೀಲಗಂಗಾ ಗೋಡೆಯ ಹತ್ತಿರ ಹೋಗಿ ಫ್ಯಾನಿನ ಸ್ವಿಚ್ಚಿನ ಮೇಲೆ ಬೆರಳಿಟ್ಟರು.

ಸಂಗವ್ವ ರೆಕ್ಕೆ ಬಿಟ್ಟಳು. “ಎಲ್ಲಾರೂ ಶಿಸ್ತಿನಿಂದ ಇರಬೇಕ್ರೀ,” ಎಂದು ಉಸುರುತ್ತ ಮೆಲ್ಲಗೆ ಇಳಿದಳು.

ಅವಳ ಕಾಲು ನೆಲ ಮುಟ್ಟಿದ ಮೇಲೆ ನೀಲಗಂಗಾ ಫ್ಯಾನು ಹಾಕಿದರು. ಒಳಗೆ ಸೆಖೆ ಬಹಳವಿತ್ತು.