ತಲೆ ಒಗೆಯುವ ಲಾರಿ

ಹಿಟ್ಟಿನ ಗಿರಣಿಯಲ್ಲಿ ಗ್ರೀಸಿನ ವಾಸನೆ ಬಂದರೆ ಈಗಲೂ ನಾನು ಡಬ್ಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ.

ಹುನ್ನೂರಿನಲ್ಲಿ ಅಪ್ಪನದೊಂದು ಹಳೆಯ ಲಾರಿ ಇತ್ತು. ಬಾಡಗಂಡಿಯ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದ. ನಾನು ಸಣ್ಣ ಹುಡುಗಿಯಾಗಿದ್ದಾಗ ಒಂದು ದಿನ ಮುಂಜಾನೆ ಅವ್ವನನ್ನೂ ನನ್ನನ್ನೂ ಜಮಖಂಡಿ ಸಂತೆಗೆ ಅದರಲ್ಲೇ ಕರೆದೊಯ್ದಿದ್ದ. ದಾರಿಯುದ್ದಕ್ಕೂ ಸ್ಟೇರಿಂಗು ಗಡಗಡ ನಡುಗುತ್ತಿತ್ತು.

"ಮುದಿ ಎತ್ತು, ಅತ್ತಾಗ ಇತ್ತಾಗ ತಲಿ ಒಗಿತೈತಿ. ಅದರ ಚಾಳೀನ ಅದು," ಎಂದು ಅಪ್ಪ ನಕ್ಕಿದ್ದ.

ಮಧ್ಯಾಹ್ನ ಮನೆಗೆ ಬಂದು ಉಂಡು ಅಪ್ಪ ಕಬ್ಬು ಹೇರಲು ಹೊರಟಾಗ ಅವ್ವ ಅಡ್ಡ ನಿಂತಳು. "ಎತ್ತು ತಲಿ ಒಗದ್ರ ನೊಗಾ ಎತ್ತಿ ಹೆಗಲ ಹುಣ್ಣಾಗೈತೇನಂತ ನೋಡ್ತಿದ್ರಿಲ್ಲೋ? ಇದರದೂ ನೋಡ್ರಿ."

ಅಪ್ಪ ಗಾಲಿಗಳಿಗೆ ಕಲ್ಲು ಕೊಟ್ಟು, ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ತಾನು ಲಾರಿಯ ಕೆಳಗೆ ತೂರಿದ. "ಅತ್ತಾಗ ಇತ್ತಾಗ ಸಣ್ಣಂಗ ತಿರುವು."

ತಿರುವಿದೆ. ಸ್ಟೇರಿಂಗು ಗೇಣುದ್ದ ತಿರುಗಿತು. ಬಾಗಿ ನೋಡಿದರೆ ಗಾಲಿ ಮಿಸುಕಿರಲಿಲ್ಲ. ಕಲ್ಲು ಸರಿದು ಲಾರಿ ಅಪ್ಪನ ಮೇಲೆ ಹರಿದೀತೆಂದು ನನಗೆ ಹೆದರಿಕೆ. ಅಷ್ಟರಲ್ಲಿ ಕೆಳಗೆ ಏನೋ ಕಟಕ್ಕೆಂದಿತು.

"ಅಪ್ಪಾ!"

ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ.

"ಅಪ್ಪಾ!"

ಬಹಳ ಹೊತ್ತಿನ ಮೇಲೆ ಅವನು ಹೊರಗೆ ಬಂದ. ಮೊಣಕೈವರೆಗೂ ಗ್ರೀಸು. ಅವ್ವನಿಗೆ ಹೇಳಿದ: "ಸ್ಟೇರಿಂಗಿನಿಂದ ಗಾಲಿಗೆ ಹೋಗೋ ರಾಡು ಸವದು ಕೈಯಾಗ ಬಿಚ್ಚಿ ಬಂತು." ಈ ಸಲ ನಗಲಿಲ್ಲ. "ಮುಂಜಾನಿ ಹಳ್ಳದ ಸೇತುವಿ ಮ್ಯಾಲ ನೀವಿಬ್ರೂ ಇದರಾಗ ಇದ್ರಿ."

ಅವ್ವ ಇದ್ದಲ್ಲೇ ನೆಲಕ್ಕೆ ಕುಳಿತಳು.

ಅಪ್ಪ ನನ್ನ ಕಡೆ ತಿರುಗಿದ. "ಆತು ಮಗಳ, ಇನ್ನ ಬಿಡವ್ವಾ."

ನನಗೆ ಬಿಡಲಾಗಲಿಲ್ಲ. ಅವನೇ ಮೇಲೆ ಹತ್ತಿ ಬಂದು, ಗ್ರೀಸಿನ ಕೈಯಿಂದಲೇ, ಸ್ಟೇರಿಂಗಿನಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.