ಪಕ್ಕದ ಸೀಟು

ಕಾಫಿ ಬಗ್ಗಿಸಿ, ಎಲ್ಲರಿಗೂ ಒಂದೊಂದು ಬಿಸ್ಕತ್ತು ಕೊಟ್ಟಾದ ಮೇಲೆ ರಿನ್ಸ್ಕೆ ಡಬ್ಬಿಯ ಮುಚ್ಚಳ ಹಾಕಲಿಲ್ಲ. ಅದನ್ನು ಮತ್ತೆ ತಂದೆಯ ಕಡೆಗೆ ಸರಿಸಿದಳು. ವೀಬ್ರೆನ್ ಡಬ್ಬಿಯನ್ನು ನೋಡಿದರು, ಮಗಳ ಮುಖ ನೋಡಿದರು. ಅವರ ಮನೆಯಲ್ಲೇನು, ಫ್ರೀಸ್‌ಲ್ಯಾಂಡ್ ಸೀಮೆಯ ಯಾವ ಮನೆಯಲ್ಲೂ ಒಂದು ಕಾಫಿಗೆ ಒಂದೇ ಬಿಸ್ಕತ್ತು.

"ಯಾರು ತೀರಿಕೊಂಡ್ರು?" ಎಂದು ಕೇಳಿದರು.

"ಯಾರೂ ಇಲ್ಲಪ್ಪ. ಸುಮ್ಮನೆ ತಗೋ."

"ಹಾಗಾದ್ರೆ ನನಗೇ ಏನೋ ಕಾದಿದೆ," ಎಂದು ಎರಡನೆಯದನ್ನೂ ತೆಗೆದುಕೊಂಡರು.

ಮೇಜಿನ ಮೇಲೆ ನಕ್ಷೆ ಹರಡಿತ್ತು. ದಾರಿ ಹೇಳುವುದಕ್ಕೆ ಫೋನು ಇದ್ದರೂ ಹಿಮದ ರಜೆಯ ಪ್ರಯಾಣ ಆ ಮನೆಯಲ್ಲಿ ನಕ್ಷೆಯ ಮೇಲೆಯೇ ಮೊದಲು ನಡೆಯಬೇಕು. ಬೆಳಗಾಗುವ ಮುಂಚೆ ಹೊರಟು, ಜರ್ಮನಿಯನ್ನು ಈ ತುದಿಯಿಂದ ಆ ತುದಿಗೆ ದಾಟಿ, ಕತ್ತಲಾಗುವುದರೊಳಗೆ ಆಸ್ಟ್ರಿಯಾದ ಟಿರೋಲ್‌ನ ಬೆಟ್ಟ ಹತ್ತಬೇಕು. ಚೀಸ್, ಬ್ರೆಡ್ಡು, ಕಡಲೆಕಾಯಿ ಬೆಣ್ಣೆ, ಒಂದು ಚೀಲ ಆಲೂಗಡ್ಡೆ, ಎಲ್ಲ ಮನೆಯಿಂದಲೇ. ಆಸ್ಟ್ರಿಯಾದವರು ಆಲೂಗಡ್ಡೆಯನ್ನೇ ಕಂಡಿಲ್ಲವೇನೋ ಅನ್ನುವ ಹಾಗೆ ಹೊರುತ್ತೇವಲ್ಲ ಎಂದು ಅಳಿಯ ಯೋರಿಟ್ ಪ್ರತಿ ವರ್ಷದ ಮಾತನ್ನೇ ಆಡಿದ. ಅಲ್ಲಿಯದು ಬೆಂದರೆ ಅಂಟಂಟು ಎಂದು ರಿನ್ಸ್ಕೆ ಪ್ರತಿ ವರ್ಷದ ಉತ್ತರವನ್ನೇ ಕೊಟ್ಟಳು. ಮಹಡಿಯ ಮೇಲೆ ಮೊಮ್ಮಗಳು ನಿಂಕೆ ಹೋದ ವರ್ಷದ ಸ್ಕೀ ಬೂಟು ತೊಟ್ಟು, ಕಾಲಿಗೆ ಇನ್ನೂ ಹಿಡಿಸುತ್ತದೆಯೇ ಎಂದು ದಬದಬ ನಡೆದಾಡುತ್ತಿದ್ದಳು.

"ವುರ್ಟ್ಸ್‌ಬುರ್ಗ್ ತನಕ ನಾನು ಓಡಿಸ್ತೀನಿ," ಎಂದು ವೀಬ್ರೆನ್ ನಕ್ಷೆಯ ಮೇಲೆ ಬೆರಳಿಟ್ಟರು. "ಆಮೇಲೆ ಬೇಕಿದ್ರೆ ಯೋರಿಟ್ ಓಡಿಸಲಿ."

ಬೆರಳ ಕೆಳಗಿನ ಕಾಗದ ಮೆಲ್ಲಗೆ ಜರುಗಿದ್ದು ಅವರಿಗೆ ತಿಳಿಯಿತು. ಬೆರಳು ವುರ್ಟ್ಸ್‌ಬುರ್ಗ್ ಬಿಟ್ಟು ಬೇರೆಲ್ಲೋ ಇತ್ತು. ಅದನ್ನು ಹೇಳಲಾರದೆ ರಿನ್ಸ್ಕೆ ನಕ್ಷೆಯನ್ನೇ ಎಳೆದು ಊರನ್ನು ಅವರ ಬೆರಳಿನಡಿಗೆ ತರುತ್ತಿದ್ದಳು.

ಯೋರಿಟ್‌ಗೆ ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲ. "ಮಾವ, ಈ ಸಲ ನೀವು ಓಡಿಸೋದು ಬೇಡ," ಎಂದ. "ಹೋದ ವಾರ ಆ ಸೈಕಲ್ ಹುಡುಗಿ ನಿಮಗೆ ಕಂಡಿದ್ದು ನಾನು ಕೂಗಿದ ಮೇಲೆ."

ಬಿಸಿಲು ಎದುರಿಗಿತ್ತು ಎಂದು ಹೇಳಬಹುದಿತ್ತು. ಆದರೆ ಆ ದಿನ ಮೋಡ ಕವಿದಿತ್ತು. ಮದುವೆಯಾದ ಮೊದಲ ಚಳಿಗಾಲದಿಂದ ಆ ದಾರಿಯಲ್ಲಿ ಕಾರು ಓಡಿಸಿದವರು ವೀಬ್ರೆನ್ ಒಬ್ಬರೇ. ಮಂಡಿನೋವು ಬಂದು ಸ್ಕೀ ಕಟ್ಟುವುದನ್ನು ಬಿಟ್ಟ ಮೇಲೂ ಅವರನ್ನು ಯಾರೂ ಮನೆಯಲ್ಲಿ ಬಿಟ್ಟು ಹೋಗಿರಲಿಲ್ಲ. ಕರೆದುಕೊಂಡು ಹೋಗುವವರೇ ಅವರಾಗಿದ್ದರು.

"ಸರಿ, ನೀವು ಹೋಗಿಬನ್ನಿ," ಎಂದರು. "ನಾನೂ ಬರಲೇಬೇಕು ಅಂದ್ರೆ ಕಾರಿನ ಮೇಲಿನ ಪೆಟ್ಟಿಗೇಲಿ ಹಾಕಿ, ಆಲೂಗಡ್ಡೆ ಚೀಲದ ಪಕ್ಕ."

ಮಗಳು ನಗಲಿಲ್ಲ. "ನೀನು ಅಮ್ಮನ ಸೀಟಲ್ಲಿ ಕೂತ್ಕೋಪ್ಪ," ಎಂದಳು.

ಕಾರು ಓಡಿಸುವವರ ಪಕ್ಕದ ಆ ಸೀಟಿನಲ್ಲಿ ಹೆಂಡತಿ ಯೆಟ್ಸ್ಕೆ ದಾರಿಯುದ್ದಕ್ಕೂ ಕಿತ್ತಳೆ ಸುಲಿಯುತ್ತಿದ್ದಳು. ಬಿಳಿ ನಾರು ಒಂದೂ ಉಳಿಯದ ಹಾಗೆ ಬಿಡಿಸಿ, ತೊಳೆಯನ್ನು ಗಂಡನ ಅಂಗೈಗೆ ಇಡುತ್ತಿದ್ದಳು. ಅವರು ಕತ್ತು ಹೊರಳಿಸಿದರೆ, "ಇತ್ತ ಏನು ನೋಡ್ತೀಯ? ರಸ್ತೆ ನೋಡು," ಎನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲಿನ ಮೊದಲ ಪ್ರಯಾಣ ಹೋದ ವರ್ಷದ್ದು. ಅಂದು ಆ ಸೀಟಿನಲ್ಲಿ ಬ್ರೆಡ್ಡಿನ ಚೀಲ ಕೂತಿತ್ತು.

"ಚೀಲಕ್ಕೆ ಹಿಂದೆ ಜಾಗ ಇರಲಿಲ್ಲ ಅಂತ ಅಂದ್ಕೊಂಡಿದ್ದೆ," ಎಂದರು ವೀಬ್ರೆನ್.

"ಜಾಗ ಇತ್ತು," ಎಂದಳು ರಿನ್ಸ್ಕೆ. "ಅಲ್ಲಿ ಯಾರೂ ಕೂರೋದು ಬೇಡ, ಅಪ್ಪನಿಗೆ ಕಷ್ಟ ಆಗುತ್ತೆ ಅಂತ ಇವರೇ ಅಂದ್ರು."

ಇವರು ಎಂದರೆ ಯೋರಿಟ್, ಈ ಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರುವಷ್ಟು ಎತ್ತರದ ಆಳು. ಅವನು ಅಂದು ಟಿರೋಲ್ ತನಕ ಹಿಂದಿನ ಸೀಟಿನಲ್ಲಿ, ಮಂಡಿ ಗಲ್ಲಕ್ಕೆ ತಾಗುವ ಹಾಗೆ ಮಡಚಿಕೊಂಡು ಕೂತಿದ್ದ. ಮರುದಿನ ಹಿಮದ ಮೇಲೆ ಅವನಿಗೆ ನೆಟ್ಟಗೆ ನಿಲ್ಲಲಾಗದಿದ್ದಾಗ, ಮುದುಕ ನಾನೋ ನೀನೋ ಎಂದು ವೀಬ್ರೆನ್ ಎಲ್ಲರೆದುರು ಗೇಲಿ ಮಾಡಿದ್ದರು. ಬೂಟು ಬಿಗಿ ಎಂದು ಹೇಳಿ ಅವನು ನಕ್ಕುಬಿಟ್ಟಿದ್ದ.

ಈಗ ಅವನ ಕಿವಿ ಕೆಂಪಾಗಿತ್ತು. ತಲೆಯೆತ್ತದೆ, ಒಂದು ಕೈಯನ್ನು ಮ್ಯೂನಿಕ್ ನಗರದ ಮೇಲೆ ಚಾಚಿಕೊಂಡು ನಕ್ಷೆಯನ್ನೇ ನೋಡುತ್ತಿದ್ದ.

ವೀಬ್ರೆನ್ ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದುಕೊಂಡರು. ಅಭ್ಯಾಸವಿಲ್ಲದ ಕೈ, ಸಿಪ್ಪೆ ಚೂರುಚೂರಾಗಿ ಬಂತು. ತೊಳೆಯೊಂದನ್ನು ಇನ್ನೂ ಚೆನ್ನಾಗಿ ಕಾಣುತ್ತಿದ್ದ ಬಲಗಣ್ಣಿನ ಹತ್ತಿರ ಹಿಡಿದು, ಉಗುರಿನಿಂದ ಬಿಳಿ ನಾರನ್ನು ಒಂದೊಂದಾಗಿ ಎಳೆದರು. ಬಹಳ ಹೊತ್ತು ಹಿಡಿಯಿತು. ಆಮೇಲೆ ಅಳಿಯನ ಕೈಯನ್ನು ಮಗುಚಿ, ಅಂಗೈಯಲ್ಲಿ ಇಟ್ಟರು.

ಯೋರಿಟ್ ಅವರ ಕಡೆ ಕತ್ತು ಹೊರಳಿಸಿದ.

"ಇತ್ತ ಏನು ನೋಡ್ತೀಯ?" ಎಂದರು ವೀಬ್ರೆನ್. "ರಸ್ತೆ ನೋಡು."