ಬೀಸುಕಲ್ಲಿನ ಸಾಕ್ಷಿ

ಹಳೆಯ ಕಲ್ಲುಗಳು ಮಾತು ಕಲಿತ ಮೇಲೆ, ಪರಂಪರೆ ಇಲಾಖೆಯವರು ಕಲ್ಲಿನ ಬಾಯಿಂದಲೇ ಊರಿನ ಚರಿತ್ರೆ ಕೇಳಿ ಅನುದಾನ ಕೊಡುತ್ತಿದ್ದರು. ಹೊಂಬಾಳಮ್ಮನ ಕೇರಿಯ ಬೀಸುಕಲ್ಲು ಮಾತ್ರ ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ. ಅನುದಾನ ಸಿಗದಿದ್ದರೆ ನಾಳೆ ಅದನ್ನು ಒಡೆದು ರಸ್ತೆಗೆ ಹಾಕುತ್ತಾರೆ.

"ಇದಕ್ಕೆ ಏನೂ ನೆನಪಿಲ್ಲ ಬಿಡಿ," ಎಂದು ಅಧಿಕಾರಿ ವನಜಾಕ್ಷಿ ಫೈಲು ಮುಚ್ಚಿದಳು.

ಪಕ್ಕದಲ್ಲೇ ನಿಂತಿದ್ದ ಹೊಂಬಾಳಮ್ಮನಿಗೆ ಥಟ್ಟನೆ ಹೊಳೆಯಿತು. "ಸುಮ್ಮನೆ ಕೂತೋರ ಹತ್ರ ಅದು ಎಂದಾದರೂ ಮಾತಾಡೀತಾ? ಎದುರಿಗೆ ಕೂತು ಗೂಟ ಹಿಡೀರಿ ಮೇಡಂ!" ಎನ್ನುತ್ತಾ ಒಂದು ಹಿಡಿ ರಾಗಿ ಸುರಿದಳು.

ಇಬ್ಬರೂ ಮೂರು ಸುತ್ತು ತಿರುಗಿಸಿದ್ದೇ ತಡ, ಕಲ್ಲು ಗೊಣಗಿತು: "ಈ ಮೆತ್ತನೆ ಕೈ ಯಾರ ಮನೆ ಸೊಸೇದು? ನಿಮ್ಮತ್ತೆ ಏನೂ ಕಲಿಸಲಿಲ್ವಾ? ಇರು, ಈ ಕೇರಿಗೆ ಬಂದ ಮೊದಲ ಸೊಸೆ ಕಥೆ ಹೇಳ್ತೀನಿ."

ಹೊರಗೆ ವಾಪಸು ಹೋಗುವ ಬಸ್ಸು ಹಾರ್ನ್ ಹೊಡೆಯಿತು. ವನಜಾಕ್ಷಿ ಏಳಲಿಲ್ಲ. ಬಲಗೈಯಲ್ಲಿ ಹಿಡಿದ ಗೂಟ ಬಿಡದೆ, ಎಡಗೈಯಲ್ಲೇ ಅನುದಾನದ ಅರ್ಜಿಗೆ ಸೊಟ್ಟ ಸಹಿ ಹಾಕಿ, "ಇನ್ನೊಂದು ಹಿಡಿ ರಾಗಿ ಹಾಕಿ, ಹೊಂಬಾಳಮ್ಮ," ಎಂದಳು.